ಮಾವಂದು ಬುಡು

ತಿಪಟೂರಿನ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡುವ ಜೀವಿತಾ, ವ್ಯಾಕರಣದ ತರಗತಿಯಲ್ಲಿ ಪ್ರತಿವರ್ಷ ತಪ್ಪದೆ ಒಂದು ಮಾತು ಹೇಳುತ್ತಾಳೆ. ಕನ್ನಡದಲ್ಲಿ ‘ಬಿಡು’ ಎಂಬ ಪದವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಕೈ ಬಿಡು ಅಂದರೆ ತೊರೆ. ಒಳಗೆ ಬಿಡು ಅಂದರೆ ಬರಮಾಡಿಕೋ. ಅದರ ಪಾಡಿಗೆ ಬಿಡು ಅಂದರೆ ಮುಟ್ಟಬೇಡ. ತಿಂದುಬಿಡು ಅಂದರೆ ಚೂರೂ ಉಳಿಸಬೇಡ. ಮಕ್ಕಳು ನಗುತ್ತಾರೆ. ನಮ್ಮ ಸೀಮೆಯವರ ಬಾಯಲ್ಲಿ ಅದು ‘ಬುಡು’ ಆಗುತ್ತದೆ, ಆದರೆ ಗುಣವೇನೂ ಬದಲಾಗುವುದಿಲ್ಲ. ಇಷ್ಟೆಲ್ಲ ಬಲ್ಲವಳೇ ಕಡೆಗೆ ಆ ಪದಕ್ಕೆ ಸಿಕ್ಕಿಬಿದ್ದಳು. ಸಿಕ್ಕಿಬಿದ್ದಳು ಎನ್ನುವುದೂ ಪೂರ್ತಿ ನಿಜವಲ್ಲ. ಅದರ ಹಿಂದೆ ಅವಿತುಕೊಂಡಳು ಎನ್ನಬೇಕು.

ಜೀವಿತಾಳದೊಂದು ಬ್ಲಾಗು ಇದೆ. ಈ ಕಾಲದಲ್ಲಿ ಬ್ಲಾಗು ಎಂದರೆ ಪೋಸ್ಟ್‌ಕಾರ್ಡು ಎಂದಂತೆ, ಕೇಳಿದವರು ಮುಖ ನೋಡುತ್ತಾರೆ. ಊರೆಲ್ಲ ರೀಲ್ಸು ನೋಡಲಿ, ನಾನು ಬರೆಯುವುದು ಬರೆಯುವುದೇ ಎಂಬ ಹಟ ಅವಳದು. ಓದುವವರು ಬೆರಳೆಣಿಕೆಯಷ್ಟು ಅಂದುಕೊಂಡರೆ ತಪ್ಪು, ಅದಕ್ಕಿಂತ ಸ್ವಲ್ಪ ಹೆಚ್ಚೇ ಇದ್ದರು. ಪುಟದ ಬಲಗಡೆ ‘ನಮ್ಮ ಬೀದಿಯವರು’ ಎಂಬ ತಲೆಬರಹದ ಕೆಳಗೆ ಅವಳಿಗೆ ಹಿಡಿಸಿದ ಬೇರೆ ಬ್ಲಾಗುಗಳ ಕೊಂಡಿಗಳಿದ್ದವು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಬರೆಯುವವರೆಲ್ಲ ಅಲ್ಲಿ ಒಟ್ಟಿಗೆ ಸಿಗುತ್ತಾರೆ ಎಂದು ಜನ ಅಲ್ಲಿಗೆ ಬಂದು, ಅಲ್ಲಿಂದ ಒಬ್ಬೊಬ್ಬರ ಮನೆಗೆ ಹೋಗುತ್ತಿದ್ದರು.

ಆ ಬೀದಿಯಲ್ಲಿ ಒಂದು ಮನೆ ನೊಣವಿನಕೆರೆಯ ತೋಂಟದಾರ್ಯರದು. ಜೀವಿತಾಳ ಅಪ್ಪ ರೇವಣಸಿದ್ದಯ್ಯ ಮತ್ತು ತೋಂಟದಾರ್ಯ ಇಬ್ಬರೂ ಸೇರಿ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸಿದವರು. ರಕ್ತಸಂಬಂಧ ಇಲ್ಲದಿದ್ದರೂ ಜೀವಿತಾ ಅವರನ್ನು ಮಾವ ಎಂದೇ ಕರೆದು ಬೆಳೆದಳು. ಅಪ್ಪ ಒಂದು ದಿನ ಮಂಡಿಯಲ್ಲಿ ಕೂತಲ್ಲೇ ಹೋಗಿಬಿಟ್ಟ. ಪಕ್ಕದಲ್ಲಿದ್ದವರು ಮಾವ ಒಬ್ಬರೇ. ಆವತ್ತು ಬೆಳಿಗ್ಗೆ ಜೀವಿತಾ ಕಾಲೇಜಿಗೆ ಹೊರಡುವಾಗ ಅಪ್ಪನ ಮೇಲೆ ರೇಗಿದ್ದಳು. ಜ್ವರ ಬಿಟ್ಟು ಇನ್ನೂ ಎರಡು ದಿನ ಆಗಿಲ್ಲ, ಮಂಡಿಗೆ ಯಾಕೆ ಸಾಯೋಕೆ ಹೋಗ್ತೀಯ ಎಂದಿದ್ದಳು. ಬಾಯಿಗೆ ಬಂದದ್ದು ಹಾಗೆ ನಿಜವಾಗುತ್ತದೆಂದು ಯಾರಿಗೆ ಗೊತ್ತು. ಅಪ್ಪ ಆಮೇಲೆ ಅದನ್ನು ಮನಸ್ಸಿಗೆ ಹಚ್ಚಿಕೊಂಡನೋ, ನಕ್ಕನೋ, ಮಾವನ ಹತ್ತಿರ ಏನೆಂದನೋ ಎಂಬುದು ಅವಳಿಗೆ ಬೇಕಿತ್ತು. ಕೇಳಿದಾಗಲೆಲ್ಲ ಮಾವ ಕತ್ತು ಆ ಕಡೆ ತಿರುಗಿಸಿ “ಬುಡವ್ವ, ಅದೇನು ಮಾತು ಈಗ” ಎನ್ನುತ್ತಿದ್ದರು. ಕೇಳಿ ಕೇಳಿ ಅವಳೂ ಸುಮ್ಮನಾದಳು.

ಅಪ್ಪ ಹೋದ ಮೇಲೆ ಮಾವ ಮಂಡಿ ಮುಚ್ಚಿ ನೊಣವಿನಕೆರೆಯ ಮನೆ ಸೇರಿದರು. ಹೊತ್ತು ಹೋಗುವುದಿಲ್ಲ ಎಂದಾಗ ಬ್ಲಾಗು ಮಾಡಿಕೊಟ್ಟವಳು ಜೀವಿತಾಳೇ. ‘ಅಟ್ಟ’ ಎಂದು ಹೆಸರಿಟ್ಟವರು ಅವರು. ಫೋನಿನಲ್ಲೇ ಒಂದೊಂದೇ ಅಕ್ಷರ ಕುಟ್ಟಿ ದಿನಾ ಬರೆಯುತ್ತಿದ್ದರು. ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಹಾಕಿದ ಕಾಯಿ ಅಲ್ಲಾಡಿಸಿದರೆ ಇನ್ನೂ ನೀರು ಗೊಟಗೊಟ ಅನ್ನುತ್ತಿದೆ ಎಂದು ಒಂದು ದಿನ. ಸೀಮೆ ಹಸು ಕರು ಹಾಕಿತು, ಹೆಣ್ಣು ಎಂದು ಇನ್ನೊಂದು ದಿನ. ಅಟ್ಟಕ್ಕೆ ಇಲಿ ಸೇರಿಕೊಂಡಿದೆ ಎಂದು ಮಗದೊಂದು ದಿನ. ಎದುರು ಮನೆಯ ದುರ್ಗಯ್ಯನಿಗೂ ನನಗೂ ಇವತ್ತು ಮಾತಿಲ್ಲ, ಕಾರಣ ಇಬ್ಬರಿಗೂ ಮರೆತಿದೆ ಎಂದು ಮತ್ತೊಂದು ದಿನ. ಸಂಜೆ ಅವರ ಹೆಂಡತಿ ದ್ರಾಕ್ಷಾಯಣಮ್ಮ “ಇವತ್ತು ಎಷ್ಟು ಜನ ಬಂದಿದ್ರು?” ಎಂದು ಕೇಳುವರು. ಮಾವ ಫೋನು ನೋಡಿ “ಆರೇಳು ಜನ ಬಂದು ಹೋದ್ರು ಕಣೇ” ಎನ್ನುವರು. ಮನೆಗೆ ಬಂದವರಿಗೆ ಕಾಫಿಯನ್ನೂ ಕೊಡದೆ ಕಳಿಸಿದಂತಾಯಿತಲ್ಲ ಎಂದು ಆಕೆಗೆ ಕಸಿವಿಸಿ. ಬರುವ ಆರೇಳು ಜನವೂ ಜೀವಿತಾಳ ಪುಟದ ಕೊಂಡಿ ಹಿಡಿದೇ ಬರುತ್ತಿದ್ದರು. ಮಾವನ ಮನೆಗೆ ಬೇರೆ ದಾರಿ ಇರಲಿಲ್ಲ.

ಬ್ಲಾಗುಗಳನ್ನು ಓದಲು ಜೀವಿತಾ ಫೀಡ್ ರೀಡರ್ ಇಟ್ಟುಕೊಂಡಿದ್ದಳು. ಅದು ಮನೆಗೆ ಹಾಕಿಸಿಕೊಳ್ಳುವ ವರ್ತನೆ ಹಾಲಿದ್ದ ಹಾಗೆ. ಒಮ್ಮೆ ಹೇಳಿಟ್ಟರೆ ಸಾಕು, ಅವರು ಬರೆದಾಗಲೆಲ್ಲ ಬರೆದದ್ದು ನಮ್ಮ ಬಾಗಿಲಿಗೇ ಬಂದು ಬೀಳುತ್ತದೆ, ಓದದೆ ಉಳಿದದ್ದು ಎಷ್ಟು ಎಂದು ಹೆಸರಿನ ಮುಂದೆ ಅಂಕಿ ನಿಲ್ಲುತ್ತದೆ. ಫೋನಿನಲ್ಲಿ ಒಂದು ರೀಡರ್, ಕಾಲೇಜಿನ ಕಂಪ್ಯೂಟರಿನಲ್ಲಿ ಇನ್ನೊಂದು. ಬ್ಲಾಗಿನ ಪಟ್ಟಿಯನ್ನಂತೂ ಕೈಯಲ್ಲೇ ತಿದ್ದಬೇಕು. ಮೂರೂ ಮೂರು ದಿಕ್ಕಿಗೆ ಎಳೆಯುತ್ತಿದ್ದವು. ಇಲ್ಲಿ ಸೇರಿಸಿದ್ದು ಅಲ್ಲಿಲ್ಲ, ಅಲ್ಲಿ ತೆಗೆದದ್ದು ಇಲ್ಲಿ ಹಾಗೇ ಇದೆ. ಬರೆಯುವುದನ್ನು ಎಂದೋ ನಿಲ್ಲಿಸಿದವರ ಹೆಸರು ಬೀದಿಯಲ್ಲಿ ಬೀಗ ಹಾಕಿದ ಮನೆಯಂತೆ ನಿಂತಿತ್ತು.

ಇನ್ನು ತಡೆಯಲಾರೆ ಎಂದು ಜೀವಿತಾ ಚಿಕ್ಕಪ್ಪನ ಮಗ ಉಜ್ವಲ್‌ಗೆ ಹೇಳಿದಳು. ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ, ಜೆರಾಕ್ಸು ಎಂದು ಅಂಗಡಿ ಇಟ್ಟುಕೊಂಡವನು ಅವನು. ಮೂರಕ್ಕೂ ಸೇರಿ ಒಂದೇ ಫೈಲು ಮಾಡ್ತೀನಿ, ಮೂರೂ ಅದನ್ನೇ ನೋಡಿಕೊಳ್ತವೆ, ಒಂದು ಕಡೆ ಹಾಕಿದ್ರೆ ಎಲ್ಲ ಕಡೆ ಬರ್ತದೆ, ಒಂದು ಕಡೆ ತೆಗೆದ್ರೆ ಎಲ್ಲ ಕಡೆ ಹೋಗ್ತದೆ ಎಂದ. ಕೇಳುವುದಕ್ಕೆ ಚೆನ್ನಾಗಿತ್ತು. ಹಳೆಯ ಗೋಜಲಿಗೆ ಒಂದು ಕರುಣೆಯಿತ್ತು, ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಉಳಿಯುತ್ತಿತ್ತು. ಅದು ಅವಳಿಗೆ ಆಗ ಹೊಳೆಯಲಿಲ್ಲ.

ಶನಿವಾರ ಅವನು ಫೋನು ಮಾಡಿದಾಗ ಜೀವಿತಾ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಫೋನನ್ನು ಸ್ಪೀಕರಿಗೆ ಹಾಕಿ ಗೂಡಿನಲ್ಲಿಟ್ಟಳು. ಅವನು ಒಂದೊಂದೇ ಹೆಸರು ಓದುತ್ತ ಹೋದ.

“ಮಾಯಸಂದ್ರದ ಮೇಡಮ್ಮಂದು?”

“ಇರ್ಲಿ.”

“ಈ ಜ್ಞಾನೇಶ್ ಅನ್ನೋರ್ದು? ಇದು ತೆರ್ಕೊಳ್ತಾನೇ ಇಲ್ಲ ಕಣಕ್ಕ.”

“ತೆಗಿ.”

“ತೋಂಟದಾರ್ಯ ಮಾವಂದು? ಅಬ್ಬಾ, ನೀನು ಓದ್ದೇ ಇರೋದು ರಾಶಿ ಬಿದ್ದದೆ.”

ಅವನು ಹೇಳಿದ್ದು ಸುಳ್ಳಲ್ಲ. ಮಾವನ ಹೆಸರಿನ ಮುಂದಿನ ಅಂಕಿಯನ್ನು ನೋಡಿದಾಗಲೆಲ್ಲ ಜೀವಿತಾಳಿಗೆ ಯಾರೋ ಬಾಗಿಲಲ್ಲಿ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಮೊದಮೊದಲು ದಿನಾ ಓದುತ್ತಿದ್ದಳು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಹಸು, ಇಲಿ, ದುರ್ಗಯ್ಯ ಎಷ್ಟಿರುತ್ತದೆ ಎಂದು ಬೆರಳಲ್ಲಿ ಸರಿಸುತ್ತ ಬಂದಳು. ಫೋನಿನಲ್ಲಿ ಮಾವ “ಓದಿದ್ಯಾ?” ಎಂದರೆ “ಹೂಂ ಮಾವ, ಚೆನ್ನಾಗಿತ್ತು” ಎನ್ನುವುದು ರೂಢಿಯಾಗಿತ್ತು.

“ಅಯ್ಯೋ, ಮಾವಂದು ಬುಡು” ಎಂದಳು.

ಉಜ್ವಲ್ “ಸರಿ” ಎಂದು ಮುಂದಿನ ಹೆಸರಿಗೆ ಹೋದ.

ಆ ಗಳಿಗೆಯಲ್ಲಿ ಅವಳ ಮನಸ್ಸಿನಲ್ಲಿ ಏನಿತ್ತು? ಅದರ ಪಾಡಿಗೆ ಇರಲಿ ಎಂದೇ? ತೆಗೆದುಹಾಕು ಎಂದೇ? ಪದ ಬಾಯಿಂದ ಬಿದ್ದ ಕೂಡಲೇ ಒಂದು ಹಗುರ ಅನ್ನಿಸಿದ್ದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತು. ಇರಲಿ ಎಂದವರಿಗೆ ಹಗುರ ಆಗುವುದಿಲ್ಲ.

ಭಾನುವಾರ ಬೆಳಿಗ್ಗೆ ಫೋನು ತೆರೆದರೆ ಪಟ್ಟಿ ಗುಡಿಸಿದ ಅಂಗಳದಂತಿತ್ತು. ಮಾವನ ಹೆಸರು ಇರಲಿಲ್ಲ. ಬ್ಲಾಗಿನ ಪಕ್ಕದಲ್ಲೂ ಇರಲಿಲ್ಲ. ಛೇ, ಅಲ್ಲಿಯದನ್ನು ತೆಗೆಯಬಾರದಿತ್ತು, ನಾಳೆ ಹಾಕಿಸಿದರಾಯಿತು ಎಂದುಕೊಂಡಳು. ಸೋಮವಾರ ಕಿರುಪರೀಕ್ಷೆಯ ಉತ್ತರಪತ್ರಿಕೆ ಇದ್ದವು. ಮಂಗಳವಾರ ತಲೆನೋವು. ಆಮೇಲೆ ನೆನಪಾದಾಗಲೆಲ್ಲ, ಒಂದು ಫೋನು ಮಾಡುವುದಕ್ಕೆ ಇಷ್ಟು ದಿನ ಆಯಿತಲ್ಲ, ಉಜ್ವಲ್ ಏನೆಂದುಕೊಂಡಾನು ಎಂದು ಇನ್ನೂ ಒಂದು ದಿನ ಮುಂದಕ್ಕೆ ಹಾಕಿದಳು. ನಾಚಿಕೆಗೆ ಅದೊಂದು ಚಾಳಿ, ತಪ್ಪು ತಿದ್ದುವುದಕ್ಕೇ ಅದು ಅಡ್ಡ ಬರುತ್ತದೆ.

ಹೀಗೆ ಇನ್ನೊಂದು ಭಾನುವಾರವೂ ಬಂತು. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಗೇಟಿನ ಸದ್ದಾಯಿತು. ನೋಡಿದರೆ ತೋಂಟದಾರ್ಯ ಮಾವ. ಬಿಳಿ ಪಂಚೆ, ಕೈಯಲ್ಲಿ ಬಟ್ಟೆಯ ಚೀಲ. ಫೋನು ಮಾಡದೆ ಅವರು ಬಂದವರಲ್ಲ.

“ಬನ್ನಿ ಮಾವ, ಅತ್ತೆ ಬರಲಿಲ್ವಾ?”

“ಅವಳು ಎಲ್ಲಿ ಬತ್ತಾಳೆ, ಬಸ್ಸು ಅಂದ್ರೆ ಆಗಲ್ಲ.” ಕುರ್ಚಿಯ ತುದಿಯಲ್ಲಿ ಕೂತರು. ಚೀಲವನ್ನು ಅವಳ ಕೈಗೆ ಕೊಟ್ಟರು. ಒಳಗೆ ಉಂಡೆ ಕೊಬ್ಬರಿ, ಒಂದೊಂದೂ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ಮಜ್ಜಿಗೆ ತಂದುಕೊಟ್ಟಳು. ಅವರು ಲೋಟ ಹಿಡಿದುಕೊಂಡರೇ ಹೊರತು ಕುಡಿಯಲಿಲ್ಲ.

“ನನ್ನಿಂದ ಏನಾರ ತಪ್ಪಾಯ್ತಾ ಜೀವಿ?”

“ಯಾಕೆ ಮಾವ?”

“ನಿನ್ನ ಬೀದೀಲಿ ನನ್ನ ಮನೆ ಕಾಣ್ಲಿಲ್ಲ. ಒಂದು ದಿನ ನೋಡ್ದೆ, ಎರಡು ದಿನ ನೋಡ್ದೆ. ಯಾರೂ ಬತ್ತಾ ಇಲ್ಲ. ನಿಮ್ಮತ್ತೆ ಸಂಜೆ ಕೇಳ್ತಾಳೆ, ಏನಂತ ಹೇಳ್ಲಿ. ನೀನು ಸುಮ್‌ಸುಮ್ನೆ ತೆಗೆಯೋಳಲ್ಲ. ಏನೋ ಬ್ಯಾಸರ ಆಗೈತೆ ಅಂತ ಬಂದೆ. ದೊಡ್ಡೋನು ಅಂತ ನೋಡ್ಬ್ಯಾಡ, ಹೇಳ್ಬುಡು.”

ತಪ್ಪು ಮಾಡಿದವಳು ತಾನು, ಕೊಬ್ಬರಿ ಹೊತ್ತುಕೊಂಡು ಬಸ್ಸಿನಲ್ಲಿ ಬಂದು ಕ್ಷಮೆ ಕೇಳುತ್ತಿರುವವರು ಅವರು. ಜೀವಿತಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಂಥ ಹೊತ್ತಿನಲ್ಲಿ ಬಾಯಿಗೆ ಬರುವುದು ನಿಜವಲ್ಲ, ಹತ್ತಿರ ಸಿಕ್ಕಿದ್ದು. ಅವಳಿಗೆ ಸಿಕ್ಕಿದ್ದು ವ್ಯಾಕರಣ.

“ಅಯ್ಯೋ ಮಾವ, ಅದು ನಮ್ಮ ಉಜ್ವಲ್ ಮಾಡಿದ್ದು. ಮಾವಂದು ಬುಡು ಅಂದೆ. ಇರ್ಲಿ ಬುಡು ಅಂತ. ಅವನು ತೆಗೆದೇ ಹಾಕಿದ್ದಾನೆ.”

ಮಾವ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕರು. “ಇದ್ದಂಗೇ ಬುಡು ಅಂದ್ರೆ ಬಡ್ಡೈದ ಕಿತ್ತಾಕ್ಬುಟ್ನಾ. ಕರಿ ಅವನ್ನ, ಕಿವಿ ಹಿಂಡ್ತೀನಿ.”

ಜೀವಿತಾ ಅಲ್ಲೇ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಕೇಳಿದ ಉಜ್ವಲ್ ತಡವರಿಸಿದ. “ಅಲ್ಲ ಅಕ್ಕ, ನೀನು ಬುಡು ಅಂದಿದ್ದು ನನಗೆ ಅಂಗೇ ಕೇಳಿಸ್ತು.”

“ನಿನಗೆ ಹೇಗೆ ಕೇಳಿಸ್ತೋ ನನಗೆ ಗೊತ್ತಿಲ್ಲ. ಈಗಲೇ ಹಾಕು” ಎಂದು ಗದರಿದಳು. ಗದರುವಾಗ ದನಿ ತಾನಾಗಿಯೇ ಜೋರಾಯಿತು.

“ಆಯ್ತು ಬುಡಕ್ಕ, ಹಾಕ್ತಾ ಇದೀನಿ. ಮಾವ, ನಂದೇ ತಪ್ಪಾಯ್ತು, ತಪ್ಪು ತಿಳೀಬೇಡಿ.”

“ಇರ್ಲಿ ಬುಡ್ಲಾ” ಎಂದರು ಮಾವ. ಆಗ ಮಜ್ಜಿಗೆ ಕುಡಿದರು. ಮುಖ ತಿಳಿಯಾಗಿತ್ತು. ಬಾಯಿ ಒರೆಸಿಕೊಂಡು, ಪೆಚ್ಚುನಗೆಯಿಂದ ಹೇಳಿದರು. “ನಾನೊಬ್ಬ ಪೆದ್ದ. ಏನೇನೋ ತಿಳ್ಕೊಂಡು ಅವಸರ ಮಾಡ್ಬುಟ್ಟೆ. ನಿಮ್ಮಪ್ಪಂದು ಬರ್ದಿದ್ನಲ್ಲ, ಅದನ್ನ ಅಳಿಸ್ಬುಟ್ಟೆ.”

“ಅಪ್ಪಂದಾ?”

“ಹೂಂ. ಅವನ ಸ್ಮರಣೆ ದಿನ ಬರ್ದೆನಲ್ಲ. ಕಡೇ ದಿನ ಮಂಡೀಲಿ ಕೂತ್ಕಂಡು ನಿನ್ನ ಬಗ್ಗೆ ಏನೇನಂದ ಅಂತ. ನೀನು ಎಷ್ಟು ಕೇಳಿದ್ರೂ ಬಾಯಲ್ಲಿ ಹೇಳಕ್ಕೆ ನನಗೆ ಆಗ್ತಿರ್ಲಿಲ್ಲ. ಗಂಟಲು ಹಿಡ್ಕಂಬುಡೋದು. ಅದಕ್ಕೇ ಬರ್ದೆ. ಅದಾಗಿ ನಾಕು ದಿನಕ್ಕೆ ನೀನು ನನ್ನ ಹೆಸ್ರು ತೆಗ್ದಿದ್ದು ನೋಡಿ, ಇವಳಿಗೆ ಅದೇ ಚುಚ್ಚೈತೆ ಅಂದ್ಕಂಡೆ. ಊರೋರೆಲ್ಲ ಓದೋ ಕಡೆ ಮನೆ ಮಾತು ಹಾಕಬಾರದಾಗಿತ್ತು ಅಂತ, ನಿನ್ನೆ ತೆಗ್ದುಬುಟ್ಟೆ.”

ಜೀವಿತಾಳ ಕೈಯಲ್ಲಿದ್ದ ಫೋನು ಇನ್ನೂ ಉಜ್ವಲ್‌ನ ಕಡೆ ತೆರೆದೇ ಇತ್ತು. “ಮಾವ, ಕಸದಬುಟ್ಟೀಲಿ ಇರ್ತದೆ, ತೆಗೀಬಹುದು” ಎಂದ ಅವನು.

“ಅದನ್ನೂ ಚೊಕ್ಕ ಮಾಡ್ಬುಟ್ಟೆ ಕಣಪ್ಪ. ಬೇಡದ್ದು ಅಲ್ಲೂ ಇಟ್ಕೋಬಾರದು ಅಂತ ಇವಳೇ ಹೇಳ್ಕೊಟ್ಟಿದ್ದು.”

“ಅಕ್ಕನ ರೀಡರಲ್ಲಿ ಒಂದು ಕಾಪಿ ಬಂದಿತ್ತು. ಅಲ್ಲೇ ಇರೋದು.” ಅಷ್ಟು ಹೇಳಿದ ಮೇಲೆ ಅವನಿಗೇ ಹೊಳೆಯಿತು. “ಹೆಸ್ರು ತೆಗೆದಾಗ ಅದೂ ಹೋಗಿರ್ತದೆ. ಮೂರೂ ಕಡೆ ಹೋಗಿರ್ತದೆ. ನಾನೇ ಅಂಗೆ ಮಾಡಿದ್ದು.”

ನಿನ್ನೆಯವರೆಗೂ ಅದು ಇತ್ತು. ಮೊನ್ನೆ ಇತ್ತು, ತಲೆನೋವಿನ ಮಂಗಳವಾರವೂ ಇತ್ತು. ಅದಕ್ಕೂ ಮೊದಲು, ಓದದೆ ಬೆರಳಲ್ಲಿ ಸರಿಸಿದ ಆ ರಾಶಿಯಲ್ಲಿ, ಹಸು ಮತ್ತು ಇಲಿಯ ನಡುವೆ, ಅಪ್ಪ ಕೂತಿದ್ದ. ಜೀವಿತಾ ಫೋನು ಕಟ್ಟು ಮಾಡಿದಳು.

“ಹೋಗ್ಲಿ ಬುಡು” ಎಂದರು ಮಾವ. “ಊರೋರಿಗೆ ಯಾಕೆ ಬೇಕು. ನೀನು ಓದಿದ್ದೀಯಲ್ಲ, ಅಷ್ಟು ಸಾಕು. ನಿಂಗೋಸ್ಕರಾನೇ ಬರ್ದಿದ್ದು.”

ಹೂಂ ಮಾವ, ಚೆನ್ನಾಗಿತ್ತು ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಂದಿದ್ದರೆ ಮಾವ ನಗುತ್ತಲೇ ಬಸ್ಸು ಹತ್ತುತ್ತಿದ್ದರು, ಉಜ್ವಲ್ ಬೈಸಿಕೊಂಡವನಾಗಿಯೇ ಉಳಿಯುತ್ತಿದ್ದ, ಎಲ್ಲ ನೆಟ್ಟಗಿರುತ್ತಿತ್ತು. ಆದರೆ ಅಂದಮೇಲೆ ಅಪ್ಪ ಏನಂದ ಎಂದು ಇನ್ನೆಂದೂ ಕೇಳುವ ಹಾಗಿರಲಿಲ್ಲ. ಕೇಳಬೇಕೆಂಬ ಆಸೆಯೇ ಅವಳಿಂದ ನಿಜ ಹೇಳಿಸಿತು. ಅದರಲ್ಲಿ ಒಳ್ಳೆಯತನದ ಪಾಲು ಕಡಿಮೆ.

“ಮಾವ, ನಾನು ಅದನ್ನ ಓದಿರಲಿಲ್ಲ.”

ಅವರು ಕೇಳಿಸಲಿಲ್ಲವೇನೋ ಎಂಬಂತೆ ನೋಡಿದರು.

“ಬಹಳ ದಿನದಿಂದ ನಿಮ್ಮದು ಯಾವುದೂ ಓದಿರಲಿಲ್ಲ. ಉಜ್ವಲ್‌ದೇನೂ ತಪ್ಪಿಲ್ಲ. ಬುಡು ಅಂತ ನಾನೇ ಅಂದಿದ್ದು, ಹೋಗಲಿ ಅಂತಾನೇ ಅಂದಿದ್ದು.” ಆಮೇಲೆ, ತಡೆಯಲಾರದೆ ಕೇಳಿದಳು. “ಅಪ್ಪ ಏನಂದ ಮಾವ?”

ಮಾವ ಖಾಲಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಚೀಲವನ್ನು ಮಡಚಿದರು, ಮಡಚಿದ್ದನ್ನು ಇನ್ನೊಮ್ಮೆ ಮಡಚಿದರು. ಬಾಯಿ ತೆರೆದರು. ಎದ್ದು ನಿಂತರು.

“ಬುಡವ್ವ” ಎಂದರು. “ಬಸ್ಸಿಗೆ ಹೊತ್ತಾಯ್ತು.”

ಅದು ಯಾವ ಬುಡು? ಮನ್ನಿಸಿದ್ದೇ, ಕೈಬಿಟ್ಟದ್ದೇ? ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ತಿಳಿಯಲಿಲ್ಲ. ಗೇಟಿನವರೆಗೂ ಹೋಗಿ ನಿಂತಳು. ಮಾವ ತಿರುಗಿ ನೋಡಿ ಕೈ ಎತ್ತಿದರು, ಯಾವಾಗಲೂ ಎತ್ತುವ ಹಾಗೆಯೇ.

ಉಜ್ವಲ್‌ಗೆ ಅಂದೇ ಫೋನು ಮಾಡಿ ತಪ್ಪು ತನ್ನದೆಂದು ಹೇಳಿದಳು. “ನಂಗೊತ್ತಿತ್ತು ಬುಡಕ್ಕ” ಎಂದ ಅವನು. ಅದಕ್ಕಿಂತ ಎರಡು ಮಾತು ಬೈದಿದ್ದರೆ ವಾಸಿಯಿತ್ತು. ಅವನು ಕೆಲಸವನ್ನಂತೂ ಚೆನ್ನಾಗಿ ಮಾಡಿದ್ದ. ‘ಅಟ್ಟ’ ಎಂಬ ಹೆಸರು ಫೋನಿನಲ್ಲಿ, ಕಾಲೇಜಿನ ಕಂಪ್ಯೂಟರಿನಲ್ಲಿ, ಬ್ಲಾಗಿನ ಬೀದಿಯಲ್ಲಿ, ಮೂರೂ ಕಡೆ ಒಂದೇ ಸಮ ನಿಂತಿತು. ಜೀವಿತಾ ಬೆಳಿಗ್ಗೆ ಎದ್ದ ಕೂಡಲೇ ನೋಡುವಳು. ಮತ್ತೆ ಸೇರಿಸಿದ್ದರಿಂದ ಎಣಿಕೆ ಹೊಸದಾಗಿ ಶುರುವಾಗಿತ್ತು, ಹೊಸದೇನೂ ಬರುತ್ತಿರಲಿಲ್ಲ. ಮೊದಲು ಅಂಕಿ ಕಂಡರೆ ಕಸಿವಿಸಿ ಆಗುತ್ತಿತ್ತು, ಈಗ ಅಂಕಿ ಇಲ್ಲದ ಜಾಗ ಸುಡುತ್ತಿತ್ತು.

ಒಂದು ದಿನ ದ್ರಾಕ್ಷಾಯಣಮ್ಮನ ಫೋನು ಬಂತು. “ನಿಮ್ಮ ಮಾವ ಬರಿಯೋದು ಬುಟ್ಟವ್ರೆ ಕಣವ್ವ. ಯಾಕೆ ಅಂದ್ರೆ ಬೆರಳು ನೋವು ಅಂತಾರೆ. ಸಂಜೆ ಆದ್ರೆ ಇಬ್ರೂ ಸುಮ್ಕೆ ಕೂತಿರ್ತೀವಿ.” ದೂರಿನ ದನಿಯಲ್ಲ ಅದು. ಆಕೆಗೆ ಏನೂ ಗೊತ್ತಿರಲಿಲ್ಲ. ಮಾವ ಹೆಂಡತಿಗೂ ಹೇಳಿರಲಿಲ್ಲ.

ಮದುವೆಗೆ ಕರೆಯುವುದಕ್ಕಾದರೆ ಈಗೀಗ ಫೋನು ನಡೆಯುತ್ತದೆ. ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳುವುದಕ್ಕೆ ಮಾತ್ರ ನಮ್ಮ ಕಡೆ ಇವತ್ತಿಗೂ ಹೊಸಿಲಿಗೆ ಹೋಗಿ ನಿಲ್ಲಬೇಕು. ರಜೆಯ ದಿನ ಜೀವಿತಾ ನೊಣವಿನಕೆರೆ ಬಸ್ಸು ಹತ್ತಿದಳು. ಮಾವ “ಬಾರವ್ವ” ಎಂದರು, ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಊಟವಾಯಿತು. ಜಗುಲಿಯಲ್ಲಿ ಅತ್ತೆಯ ಪಕ್ಕ ಕೂತು, “ಅತ್ತೆ, ಮಾವ ಬರೆದದ್ದನ್ನ ನಿಮಗೆ ಯಾರಾದರೂ ಓದಿ ಹೇಳಿದ್ದಾರಾ?” ಎಂದಳು.

“ನಂಗ್ಯಾರು ಓದ್ತಾರೆ. ಆ ಫೋನಿನ ಅಕ್ಷರ ನನ್ನ ಕಣ್ಣಿಗೆ ಇರುವೆ ಸಾಲು ಕಂಡಂಗೆ ಕಾಣ್ತದೆ.”

ಜೀವಿತಾ ಫೋನು ತೆಗೆದು, ತಾನು ಓದದೆ ಬಿಟ್ಟಲ್ಲಿಂದ ಶುರು ಮಾಡಿ ಗಟ್ಟಿಯಾಗಿ ಓದತೊಡಗಿದಳು. ಕಾಯಿ, ಕರು, ದುರ್ಗಯ್ಯನ ಜಗಳ. ಅತ್ತೆ ನಗುವಲ್ಲಿ ನಕ್ಕರು, “ಸುಳ್ಳು, ಅವತ್ತು ಅಂಗಾಗಲಿಲ್ಲ” ಎಂದು ನಡುವೆ ತಗಾದೆ ತೆಗೆದರು. ಓದುತ್ತ ಓದುತ್ತ ಜೀವಿತಾಳಿಗೆ ಅಳು ಬರುವಂತಾಯಿತು. ಎಷ್ಟು ಚೆನ್ನಾಗಿ ಬರೆದಿದ್ದರು. ಮಾವ ಕಂಬಕ್ಕೆ ಒರಗಿ ತೋಟದ ಕಡೆ ನೋಡುತ್ತ ಕೂತಿದ್ದರು, ಕೇಳುತ್ತಿದ್ದಾರೋ ಇಲ್ಲವೋ ತಿಳಿಯುವ ಹಾಗಿರಲಿಲ್ಲ.

ಒಂದು ಬರಹ ಮುಗಿದು ಮುಂದಿನದಕ್ಕೆ ಬಂದಳು. ಅದು ಹೀಗೆ ಶುರುವಾಗಿತ್ತು: “ನಿನ್ನೆ ರೇವಣಸಿದ್ದಯ್ಯನ ಮಾತನ್ನು ಬರೆದ ಮೇಲೆ ಮನಸ್ಸು ಹಗುರಾಯಿತು. ಇಷ್ಟು ವರ್ಷ ಹೊತ್ತಿದ್ದೆ. ಇನ್ನು ಅವನ ಮಗಳು ಓದಿಕೊಳ್ಳುತ್ತಾಳೆ.”

ಜೀವಿತಾಳ ದನಿ ನಿಂತಿತು. ಅತ್ತೆ ಏನೂ ಅರಿಯದೆ ಅವಳ ಮೊಣಕೈ ಮುಟ್ಟಿದರು. “ನಿನ್ನೇದು ಅಂತ ಐತಲ್ಲ, ಅದನ್ನ ಓದಲೇ ಇಲ್ವಲ್ಲ. ಅದನ್ನ ಮೊದ್ಲು ಓದವ್ವ.”

ಮಾವ ತೋಟದ ಕಡೆಯಿಂದ ಮುಖ ತಿರುಗಿಸಲಿಲ್ಲ.

“ಅದನ್ನ ಬುಟ್ಟು ಮುಂದಕ್ಕೆ ಓದು” ಎಂದರು.

ಜೀವಿತಾ ಮುಂದಕ್ಕೆ ಓದಿದಳು.